ಅಜ್ಜಿಯ ಮದುವೆ ಉಡುಪು ಮತ್ತು ಓದುಗರ ಮಿದುಳು

ಅಮೆರಿಕದ ಮದುವೆಯೊಂದರಲ್ಲಿ ಮದುಮಗಳು ಉಟ್ಟದ್ದು ಅಜ್ಜಿಯ ಕಾಲದ ಮದುವೆ ಉಡುಪು. ಅಲ್ಲಿನವರಿಗೆ ಇದು ಹೆಮ್ಮೆಯ ಸಂಪ್ರದಾಯ. ಅದೇ ವಿವರ ಓದಿದ ಭಾರತೀಯರೊಬ್ಬರ ನೆನಪಿನಲ್ಲಿ ಉಳಿದದ್ದು ಮಾತ್ರ ಬೇರೆ: ಹುಡುಗಿ ಚೆನ್ನಾಗಿದ್ದಳು, ಬಟ್ಟೆಯೇ ತೀರಾ ಹಳೆಯದು. ತಪ್ಪೇನೂ ಅಲ್ಲ. ಧಾರೆಗೆ ಹೊಸ ಸೀರೆಯೇ ಬೇಕೆನ್ನುವ ಮನೆಗಳಲ್ಲಿ ಬೆಳೆದವರಿಗೆ ಇನ್ನೇನು ತೋಚೀತು?

ಮಾರ್ಗರೆಟ್ ಸ್ಟೆಫೆನ್ಸನ್, ಚಿತ್ರಾ ಜೋಗ್‌ದೇವ್ ಮತ್ತು ರಿಚರ್ಡ್ ಆ್ಯಂಡರ್ಸನ್ 1979ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಸಂಗವಿದು. ಭಾರತೀಯ ಮದುವೆಯ ಬಗ್ಗೆ ಒಂದು ಪತ್ರ, ಅಮೆರಿಕದ ಮದುವೆಯ ಬಗ್ಗೆ ಇನ್ನೊಂದು. ಎರಡನ್ನೂ ಎರಡೂ ದೇಶದವರು ಓದಿದರು. ತಮ್ಮ ಕಡೆಯ ಮದುವೆಯನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟರು. ವರದಕ್ಷಿಣೆಯ ಮಾತುಕತೆ ಅಮೆರಿಕದವರ ನೆನಪಿನಲ್ಲಿ ಉಡುಗೊರೆಗಳ ವಿನಿಮಯವಾಗಿ ಬದಲಾಯಿತು. ಒಂದು ಹೆಣ್ಣಿನ ಮನೆಯವರ ಸಂಕಟವೇ ಕಥೆಯಿಂದ ಜಾರಿಹೋಯಿತು.

ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್ಲೆಟ್ ಇಂಥದ್ದನ್ನು 1932ರಲ್ಲೇ ದಾಖಲಿಸಿದ್ದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕಥೆ ಓದಿದ ಇಂಗ್ಲೆಂಡಿನವರು ಅದನ್ನು ಮತ್ತೆ ಹೇಳುವಾಗ ಸೀಲ್ ಬೇಟೆ ಮೀನು ಹಿಡಿಯುವುದಾಗಿತ್ತು.

ಈ ವ್ಯತ್ಯಾಸ ಮಿದುಳಿನಲ್ಲೂ ಕಾಣುತ್ತದೆಯೇ? ಪ್ರಿನ್ಸ್‌ಟನ್‌ನ ಯೂರಿ ಹ್ಯಾಸನ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಆರಿಸಿಕೊಂಡದ್ದು ಜೆ.ಡಿ. ಸ್ಯಾಲಿಂಜರ್ ಅವರ ಒಂದು ಕಥೆ. ನಡುರಾತ್ರಿ ಒಬ್ಬಾತ ಗೆಳೆಯನಿಗೆ ಫೋನ್ ಮಾಡಿ, ಹೆಂಡತಿ ಇನ್ನೂ ಮನೆಗೆ ಬಂದಿಲ್ಲವೆಂದು ಗೋಳಾಡುತ್ತಾನೆ. ಗೆಳೆಯನ ಪಕ್ಕದಲ್ಲಿ ಒಬ್ಬ ಹೆಂಗಸಿದ್ದಾಳೆ. ಅವಳೇ ಆ ಹೆಂಡತಿ ಎಂದು ಕೇಳುಗರ ಒಂದು ಗುಂಪಿಗೆ ಮೊದಲೇ ತಿಳಿಸಲಾಗಿತ್ತು. ಗಂಡನಿಗೆ ಸುಮ್ಮನೆ ಸಂಶಯದ ಪಿಶಾಚಿ ಹಿಡಿದಿದೆ ಎಂದು ಇನ್ನೊಂದಕ್ಕೆ. ಆಮೇಲೆ ಎಲ್ಲರೂ ಮಿದುಳಿನ ಚಟುವಟಿಕೆ ದಾಖಲಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ ಅದೇ ಕಥೆ ಕೇಳಿದರು.

ಕಥೆಯ ಎಳೆಗಳನ್ನು ಜೋಡಿಸುವ, ಇನ್ನೊಬ್ಬರ ಮನಸ್ಸನ್ನು ಊಹಿಸುವ ಕೆಲಸದಲ್ಲಿ ತೊಡಗುವ ಮಿದುಳಿನ ಭಾಗಗಳಲ್ಲಿ ಎರಡು ಗುಂಪುಗಳ ದಾರಿ ಬೇರೆಯಾಯಿತು. ಒಂದೇ ಗುಂಪಿನವರ ಸ್ಪಂದನೆಗಳು ಪರಸ್ಪರ ಹೋಲುತ್ತಿದ್ದವು. ಯಾರು ಏನು ನಂಬಿ ಕೇಳಿದ್ದರು ಎಂಬುದನ್ನು ಮಿದುಳಿನ ಚಟುವಟಿಕೆಯಿಂದಲೇ ಬಹುಮಟ್ಟಿಗೆ ಊಹಿಸಲು ಸಾಧ್ಯವಾಯಿತು. ನಾಲ್ಕು ಸಾಲಿನ ಪೀಠಿಕೆಯೇ ಇಷ್ಟು ಮಾಡಬಲ್ಲದಾದರೆ, ಹುಟ್ಟಿದಂದಿನಿಂದ ಕಂಡುಂಡದ್ದು ಎಷ್ಟು ಮಾಡೀತು!

ಶಾಲೆಗಳು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಓದಿನಲ್ಲಿ ಹಿಂದೆ ಎಂಬ ಹಣೆಪಟ್ಟಿ ಹಚ್ಚುವ ಮೊದಲು, ಪಾಠದೊಳಗಿನ ಲೋಕ ಆ ಮಗುವಿಗೆ ಪರಿಚಿತವೇ ಎಂದು ಕೇಳಬೇಕು. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಅಮೆರಿಕದ ಮಕ್ಕಳಿಗೆ ಬೇಸ್‌ಬಾಲ್ ಪಂದ್ಯದ ವರ್ಣನೆ ಓದಲು ಕೊಟ್ಟು, ಮೈದಾನದ ಮಾದರಿಯ ಮೇಲೆ ಗೊಂಬೆಗಳನ್ನಿಟ್ಟು ಆಟ ತೋರಿಸಲು ಹೇಳಿದರು. ಓದಿನಲ್ಲಿ ಮುಂದಿದ್ದರೂ ಆಟದ ಗಂಧಗಾಳಿಯಿಲ್ಲದವರಿಗಿಂತ, ಓದು ಕಷ್ಟವಾದರೂ ಆಟ ಬಲ್ಲ ಮಕ್ಕಳೇ ಅದನ್ನು ಚೆನ್ನಾಗಿ ಆಡಿಸಿ ತೋರಿಸಿದರು.