ಕಬ್ಬಿನ ಲಾರಿಗೆ ಕೈಯಾರೆ ಮೀಟರ್ ಬೋರ್ಡು!

ರಬಕವಿ: ಕಬ್ಬಿನ ಸುಗ್ಗಿ ಬಂತೆಂದರೆ ನಮ್ಮ ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸಪ್ಪಳದ ಜೊತೆ ಲಾರಿಗಳ ಸಪ್ಪಳವೂ ಸೇರುತ್ತದೆ. ಸಮೀರವಾಡಿ ಕಡೆ ಹೊರಟ ಹಳೇ ಟಾಟಾ, ಲೇಲ್ಯಾಂಡ್ ಗಾಡಿಗಳ ಕ್ಯಾಬಿನ್ ಹತ್ತಿ ನೋಡಿ. ಹಾರ್ನು ಐತಿ, ದೇವರ ಫೋಟೋ ಐತಿ, ನಿಂಬೆಹಣ್ಣು ಐತಿ. ಮೀಟರ್ ಬೋರ್ಡಿನಲ್ಲಿ ಮಾತ್ರ ಒಂದು ಮುಳ್ಳೂ ಏಳುವುದಿಲ್ಲ!

"ಮೀಟರ್ ಯಾಕ್ರೀ, ಇಂಜಿನ್ ಸಪ್ಪಳದಾಗ ತಿಳೀತೈತಿ" ಎನ್ನುತ್ತಾರೆ ಹಳೇ ಡ್ರೈವರುಗಳು. ಸುಳ್ಳೇನಲ್ಲ. ಆದರೆ ಸಪ್ಪಳ ಬದಲಾಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆಯಿಲ್ ಒತ್ತಡ ಇಳಿದರೆ ಬೇರಿಂಗು ನಿಮಿಷಗಳಲ್ಲೇ ಹಿಡಿದುಕೊಳ್ಳಬಹುದು. ಗಾಡಿ ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ನಡುರಸ್ತೆಯಲ್ಲಿ ಕಬ್ಬು ಹೇರಿದ ಲಾರಿ ಕೆಟ್ಟರೆ ಹಿಂದಿನ ಬಸ್ಸಿನವರೂ ಬಿಸಿಲಲ್ಲಿ ಕೂಡಬೇಕಲ್ಲ!

ಪೂರ್ತಿ ಹೊಸ ಬೋರ್ಡು ಕೊಳ್ಳಲು ಕಾಸಿಲ್ಲದಿದ್ದರೆ ತಾವೇ ಮಾಡಿಕೊಳ್ಳಬಹುದು. ಬೇಕಾದ್ದು ಒಂದು ಅಲ್ಯೂಮಿನಿಯಂ ತಗಡು, ತೂತು ಕೊರೆಯುವ ಡ್ರಿಲ್ಲು, ಬಿಡಿ ಮೀಟರುಗಳು. ಇವು ಹೆಚ್ಚಾಗಿ 52 ಮಿ.ಮೀ. ತೂತಿಗೆ ಕೂಡುತ್ತವೆ. ಎಲ್ಲ ಒಮ್ಮೆಲೇ ಬೇಡ. ಮೊದಲು ಆಯಿಲ್ಲು, ಆಮೇಲೆ ನೀರಿನ ಬಿಸಿ, ಆಮೇಲೆ ಬ್ಯಾಟರಿ. ಡೀಸೆಲ್ಲಿಗೆ ಟ್ಯಾಂಕಿನಲ್ಲಿ ಕಡ್ಡಿ ಇಳಿಸುವ ಪದ್ಧತಿ ಇದ್ದೇ ಇದೆ.

ಆಯಿಲ್ಲಿಗೆ ಕರೆಂಟಿಲ್ಲದ ಹಳೇ ನಮೂನೆಯ ಮೀಟರೇ ವಾಸಿ. ಒಳಗೆ ಬಾಗಿದ ಚಪ್ಪಟೆ ಕೊಳವೆ ಇರುತ್ತದೆ. ಒತ್ತಡ ಏರಿದಂತೆ ಅದು ನೆಟ್ಟಗಾಗಲು ನೋಡುತ್ತದೆ, ಮುಳ್ಳು ತಿರುಗುತ್ತದೆ. ಫ್ರಾನ್ಸಿನ ಯುಜೀನ್ ಬೂರ್ದೋಂ 1849ರಲ್ಲಿ ಪೇಟೆಂಟ್ ಪಡೆದ ಯುಕ್ತಿ ಇದು, ಇಂದಿಗೂ ಹಳತಾಗಿಲ್ಲ. ಆದರೆ ಇಂಜಿನ್ನಿಂದ ಬರುವ ಸಣ್ಣ ಪೈಪು ಉಜ್ಜಿ ಒಡೆದರೆ ಕಾದ ಆಯಿಲ್ಲು ಡ್ರೈವರನ ಕಾಲ ಮೇಲೆ! ಸೈಲೆನ್ಸರಿನಿಂದ ದೂರ ಒಯ್ದು, ತಗಡು ದಾಟುವಲ್ಲಿ ರಬ್ಬರ್ ಹಾಕಬೇಕು.

ಕರೆಂಟಿನ ಮೀಟರಾದರೆ ಸೆನ್ಸಾರನ್ನೂ ಜೋಡಿಯಾಗಿಯೇ ತರಬೇಕು. ಒಂದು ಕಂಪನಿಯ ಮೀಟರಿಗೆ ಮತ್ತೊಂದರ ಸೆನ್ಸಾರ್ ಹಾಕಿದರೆ ಮುಳ್ಳು ಆಡುತ್ತದೆ, ಆದರೆ ಸುಳ್ಳು ಹೇಳುತ್ತದೆ. ಗುಜರಿ ಸಾಮಾನು ತಂದವರು ಮೋಸ ಹೋಗುವುದು ಇಲ್ಲೇ. ಗಾಡಿ 12 ವೋಲ್ಟೋ, 24 ವೋಲ್ಟೋ ಅದನ್ನೂ ಮೊದಲೇ ನೋಡಿಕೊಳ್ಳಿ. ಫ್ಯೂಸ್ ಇಲ್ಲದೆ ವೈರು ಎಳೆಯಬೇಡಿ.

ನೀರಿನ ಮೀಟರಿನ ಪರೀಕ್ಷೆಗೆ ಚಹಾ ಅಂಗಡಿಯ ಒಲೆ ಸಾಕು. ಸೆನ್ಸಾರಿನ ಮೈಗೆ ಅರ್ಥ್ ಕೊಟ್ಟು ಕುದಿಯುವ ನೀರಿನಲ್ಲಿ ಅದ್ದಿದರೆ ಮುಳ್ಳು 100ರ ಹತ್ತಿರ ನಿಲ್ಲಬೇಕು. ಇನ್ನೊಂದು ಗುಟ್ಟು: ರೇಡಿಯೇಟರ್ ಖಾಲಿಯಾದರೆ ಸೆನ್ಸಾರಿಗೆ ನೀರೇ ತಾಗದೆ ಮುಳ್ಳು ಕೆಳಗೂ ಬರಬಹುದು. ಏರಿನಲ್ಲಿ ಮುಳ್ಳು ದಿಢೀರನೆ ಇಳಿದರೆ ಗಾಡಿ ತಣ್ಣಗಾಯಿತೆಂದು ಹಿಗ್ಗಬೇಡಿ, ನಿಲ್ಲಿಸಿ.

ತಗಡು ಕತ್ತರಿಸುವ ಮುನ್ನ ಸ್ಪೀಡೋಮೀಟರಿಗೂ ಗುರುತು ಹಾಕಿ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಅದು ಇರಲೇಬೇಕು. ಅದರ ತೂತೇ ಎಲ್ಲಕ್ಕಿಂತ ದೊಡ್ಡದು, ಕೊನೆಗೆ ಉಳಿಸಿದರೆ ಜಾಗ ಸಾಲುವುದಿಲ್ಲ.