ದಕ್ಕೆಯ ಉಪ್ಪುನೀರು, ಮನೆಯ ಪಿಕಪ್

ಸುಬ್ಹಿಗೆ ಮುನ್ನವೇ ಮೂಡುಬಿದಿರೆಯಿಂದ ಮಂಗಳೂರು ದಕ್ಕೆಗೆ ಹೊರಡುವ ಮೀನಿನ ಪಿಕಪ್‌ಗಳು ನಮ್ಮ ಎಷ್ಟೋ ಮನೆಗಳ ಅನ್ನದ ದಾರಿ. ಹೋಗಿ ಬರಲು ಸುಮಾರು 70 ಕಿ.ಮೀ. ತಿಂಗಳಿಗೆ 25 ದಿನ, ವರ್ಷಕ್ಕೆ 10 ತಿಂಗಳು ಓಡಿದರೂ ಹತ್ತು ವರ್ಷದಲ್ಲಿ ಮೀಟರ್ 1.75 ಲಕ್ಷ ಮುಟ್ಟುತ್ತದೆ.

ಆಯಿಲ್ ಸರಿಯಾಗಿ ಬದಲಿಸಿದರೆ ಇಂಜಿನ್ ಇದನ್ನು ತಡೆದುಕೊಳ್ಳುತ್ತದೆ. ಮೀನಿನ ಪೆಟ್ಟಿಗೆಯಿಂದ ಸೋರುವ ಐಸ್ ನೀರು ಮಾತ್ರ ಬಿಡುವುದಿಲ್ಲ. ಅದರ ಉಪ್ಪು ಚಾಸಿಸ್, ಪ್ಲೇಟ್, ಬ್ರೇಕ್ ಪೈಪಿಗೆ ಅಂಟಿ ಕಬ್ಬಿಣವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಬ್ರೇಕ್ ಪೈಪ್ ಇಳಿಜಾರಿನಲ್ಲಿ ಒಡೆದರೆ ಹೋಗುವುದು ಬರೇ ಗಾಡಿಯಲ್ಲ.

ಇದಕ್ಕೆ ಮದ್ದು ಮನೆಯಂಗಳದಲ್ಲೇ ಇದೆ. ಮೀನು ಇಳಿಸಿದ ದಿನವೇ ಗಾಡಿಯ ಅಡಿಗೂ ಬಾವಿ ನೀರು ಹಾಯಿಸಿ. ಬಾಡಿಯ ನೀರು ಇಳಿಯುವ ತೂತು ಕಟ್ಟಿಕೊಳ್ಳದಿರಲಿ. ಸ್ಟಾರ್ಟ್ ಮಾಡುವ ಮೊದಲು ಸಮತಟ್ಟು ಜಾಗದಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿ. ಬ್ರೇಕ್ ಆಯಿಲ್ ಇಳಿದಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಸೋರುತ್ತಿದೆಯೋ, ಲೈನರ್ ಸವೆದಿದೆಯೋ ನೋಡಿಸಿ. ಬಿಸಿ ರೇಡಿಯೇಟರ್‌ನ ಮುಚ್ಚಳ ಮುಟ್ಟಲೇಬೇಡಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ನಿಷೇಧ. ಬೋಟು ದಡದಲ್ಲಿರುವಾಗ ಗಾಡಿಗೂ ಬಿಡುವು. ಸೂರಿನಡಿ ನಿಲ್ಲಿಸಿ, ತುಕ್ಕು ಕೆರೆದು, ಚೆನ್ನಾಗಿ ಒಣಗಿಸಿ ಪ್ರೈಮರ್ ಬಳಿಯಲು, ಗ್ರೀಸ್ ತುಂಬಲು ಇದೇ ಹೊತ್ತು. ಬರೇ ಜಾಕ್ ನಂಬಿ ಅಡಿಗೆ ನುಗ್ಗುವುದು ಬೇಡ. ಬ್ರೇಕ್ ಕೆಲಸ ಮಾತ್ರ ಮೆಕ್ಯಾನಿಕ್ ಕೈಯಲ್ಲೇ ಆಗಲಿ.

ಗಾಡಿ ನಮ್ಮದೇ ಇರಬಹುದು. ರಸ್ತೆಯಲ್ಲಿ ಎದುರು ಬರುವವರ ಜೀವ ನಮ್ಮ ಕೈಯಲ್ಲಿರುವ ಅಮಾನತ್.