ಗುಜರಿಗೆ ಹೋದ ಕಾರು, ಅಂಗೈಯಲ್ಲಿ ಉಳಿದ ಮಾದರಿ: ಅಮೆರಿಕದ ಮಾಡೆಲ್ ಕಿಟ್‌ಗಳ ಕಥೆ

1963ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ವಿಚಿತ್ರವಾದ ಒಂದು ಕಾರನ್ನು ಹೊರತಂದಿತು. ಅದರಲ್ಲಿ ಪಿಸ್ಟನ್ ಇರಲಿಲ್ಲ, ಬದಲಿಗೆ ಗ್ಯಾಸ್ ಟರ್ಬೈನ್ ಎಂಜಿನ್ ಇತ್ತು. ಡೀಸೆಲ್ ಹಾಕಿದರೂ ಓಡುತ್ತಿತ್ತು, ಸೀಮೆಎಣ್ಣೆ ಹಾಕಿದರೂ ಓಡುತ್ತಿತ್ತು. ಇಂಥ 50 ಕಾರುಗಳನ್ನು ಕಂಪನಿ ಸರದಿಯ ಮೇಲೆ 203 ಮಂದಿ ಸಾಮಾನ್ಯ ಗ್ರಾಹಕರಿಗೆ ಓಡಿಸಿ ನೋಡಲು ಕೊಟ್ಟಿತು. 1966ರಲ್ಲಿ ಪ್ರಯೋಗ ಮುಗಿಯಿತು. ಅದಕ್ಕೂ ಮೊದಲು ತಯಾರಿಸಿದ್ದ ಐದು ಪ್ರಾಯೋಗಿಕ ಕಾರುಗಳೂ ಸೇರಿ ಒಟ್ಟು 55. ಅವುಗಳಲ್ಲಿ 46 ಕಾರುಗಳನ್ನು ನಾಶ ಮಾಡಲಾಯಿತು. ಉಳಿದದ್ದು ಒಂಬತ್ತೇ ಒಂಬತ್ತು.

ಆದರೆ ಅದೇ ಕಾರು ಬೇರೊಂದು ರೂಪದಲ್ಲಿ ಉಳಿದುಕೊಂಡಿತು. ಡೆಟ್ರಾಯಿಟ್‌ನ ಜೋ-ಹ್ಯಾನ್ ಎಂಬ ಸಣ್ಣ ಕಂಪನಿ ಅದರ ಪ್ಲಾಸ್ಟಿಕ್ ಮಾಡೆಲ್ ಕಿಟ್ ಮಾಡಿ ಮಾರಿತ್ತು. ಕಾರಿನ ಮೈಯ ಪ್ರತಿ ಗೆರೆ, ಒಳಗಿನ ಸೀಟು, ಆ ಅಪರೂಪದ ಎಂಜಿನ್, ಎಲ್ಲವೂ 25ರಲ್ಲಿ ಒಂದು ಪಾಲಿಗೆ ಇಳಿದು ಪೆಟ್ಟಿಗೆಯೊಳಗೆ ಕೂತಿದ್ದವು. ನಿಜವಾದ ಕಾರು ನೋಡಲು ಇಂದು ಬೆರಳೆಣಿಕೆಯ ಮ್ಯೂಸಿಯಂಗಳಿಗೆ ಹೋಗಬೇಕು. ಮಾದರಿಯಾದರೋ ಎಷ್ಟೋ ಮನೆಗಳ ಕಪಾಟಿನಲ್ಲಿದೆ.

ಹಳೆಯ ಅಮೆರಿಕನ್ ಕಾರು, ಟ್ರಕ್‌ಗಳ ಮಾದರಿ ಕಟ್ಟುವ ಹವ್ಯಾಸ ಹೊರಗಿನವರಿಗೆ ಮಕ್ಕಳಾಟದಂತೆ ಕಾಣಬಹುದು. ಆದರೆ ಕಂಪನಿಗಳು ಕೈಬಿಟ್ಟ, ಗುಜರಿಗೆ ಹೋದ ಎಷ್ಟೋ ವಾಹನಗಳ ಅಳತೆ ಮತ್ತು ಆಕಾರ ಇಂದು ಜನಸಾಮಾನ್ಯರ ಕೈಗೆ ಸಿಗುತ್ತಿರುವುದು ಈ ಹವ್ಯಾಸದಿಂದಲೇ.

ಏನಿದು 1:25?

ಆಟಿಕೆ ಕಾರಿಗೂ ಸ್ಕೇಲ್ ಮಾಡೆಲ್‌ಗೂ ಇರುವ ವ್ಯತ್ಯಾಸ ಒಂದೇ: ಲೆಕ್ಕ. ಆಟಿಕೆ ನೋಡಲು ಕಾರಿನಂತಿದ್ದರೆ ಸಾಕು. ಸ್ಕೇಲ್ ಮಾಡೆಲ್‌ನಲ್ಲಿ ಪ್ರತಿ ಭಾಗವೂ ಒಂದೇ ಪ್ರಮಾಣದಲ್ಲಿ ಚಿಕ್ಕದಾಗಿರಬೇಕು. 1957ರ ಷೆವ್ರೊಲೆ ಬೆಲ್ ಏರ್ ಕಾರಿನ ಉದ್ದ 200 ಅಂಗುಲ. ಅದನ್ನು 25ರಿಂದ ಭಾಗಿಸಿದರೆ ಸರಿಯಾಗಿ ಎಂಟು ಅಂಗುಲ. ನಲವತ್ತು ಅಡಿಯ ಟ್ರಕ್ ಟ್ರೇಲರ್ ಇದೇ ಲೆಕ್ಕದಲ್ಲಿ 19 ಅಂಗುಲಕ್ಕೆ ಸ್ವಲ್ಪ ಹೆಚ್ಚು.

ಅಮೆರಿಕದ ಕಾರು ಮಾದರಿಗಳಲ್ಲಿ 1:25 ಮತ್ತು 1:24 ಎರಡೂ ಪ್ರಮಾಣಗಳು ಬಳಕೆಯಲ್ಲಿವೆ. 1:24 ಎಂದರೆ ಅರ್ಧ ಅಂಗುಲಕ್ಕೆ ಒಂದು ಅಡಿ. ಎರಡರ ನಡುವಿನ ಅಂತರ ಸಣ್ಣದಾದರೂ ಪಳಗಿದ ಕಣ್ಣಿಗೆ ಗೊತ್ತಾಗುತ್ತದೆ. ಒಂದರ ಚಕ್ರ ಇನ್ನೊಂದಕ್ಕೆ ಹಾಕಿದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಷೋರೂಂನಿಂದ ಶುರುವಾದ ಕಥೆ

ಈ ಮಾದರಿಗಳು ಹುಟ್ಟಿದ್ದು ಹವ್ಯಾಸಕ್ಕಾಗಿ ಅಲ್ಲ, ಕಾರು ಮಾರುವುದಕ್ಕಾಗಿ. 1948ರಲ್ಲಿ ಡೆಟ್ರಾಯಿಟ್ ಸೀಮೆಯ ವಕೀಲರೊಬ್ಬರು ಅಲ್ಯೂಮಿನಿಯಂ ಮಾಡೆಲ್ ಟಾಯ್ಸ್ ಎಂಬ ಕಂಪನಿ ತೆರೆದರು. ಹೆಸರಿನಲ್ಲಿ ಅಲ್ಯೂಮಿನಿಯಂ ಇದ್ದರೂ ಬಹುಬೇಗ ಪ್ಲಾಸ್ಟಿಕ್‌ಗೆ ತಿರುಗಿದ ಈ ಕಂಪನಿಯೇ ಮುಂದೆ ಎಎಂಟಿ ಎಂದು ಹೆಸರಾಯಿತು. ಫೋರ್ಡ್‌ನಂಥ ಕಂಪನಿಗಳ ಹೊಸ ಕಾರು ಬಂದಾಗ ಅದರ ಪುಟ್ಟ ಮಾದರಿಯನ್ನು ಜೋಡಿಸಿ, ನಿಜವಾದ ಕಾರಿನ ಬಣ್ಣದಲ್ಲೇ ಷೋರೂಂಗಳಿಗೆ ಕಳುಹಿಸಲಾಗುತ್ತಿತ್ತು. ಅಪ್ಪ ಕಾರು ನೋಡುತ್ತಿದ್ದರೆ ಮಗನ ಕೈಯಲ್ಲಿ ಅದೇ ಕಾರಿನ ಮರಿ. ಇವಕ್ಕೆ 'ಪ್ರೋಮೊ' ಎಂದು ಹೆಸರು.

ಕಾರು ಕಂಪನಿಗಳ ನಕ್ಷೆಗಳ ಆಧಾರದ ಮೇಲೆಯೇ ಇವು ತಯಾರಾಗುತ್ತಿದ್ದುದರಿಂದ ಅಳತೆ ನಿಖರವಾಗಿತ್ತು. ಪ್ಲಾಸ್ಟಿಕ್ ಮಾತ್ರ ಕೈಕೊಟ್ಟಿತು. ಮೊದಲ ಪ್ರೋಮೊಗಳಿಗೆ ಬಳಸಿದ ಅಸಿಟೇಟ್ ಪ್ಲಾಸ್ಟಿಕ್ ವರ್ಷಗಳು ಕಳೆದಂತೆ ಸೊಟ್ಟಗಾಗುತ್ತದೆ. ಇಂದು ಸಂಗ್ರಾಹಕರ ಬಳಿ ಇರುವ 1950ರ ದಶಕದ ಎಷ್ಟೋ ಮಾದರಿಗಳ ಛಾವಣಿ ಬಾಗಿದೆ, ಮೂತಿ ಇಳಿದಿದೆ.

1958ರಲ್ಲಿ ಎಎಂಟಿ ಇದೇ ಮಾದರಿಗಳನ್ನು ಬಿಡಿಭಾಗಗಳ ಕಿಟ್ ಆಗಿ ಮಾರಲು ಶುರು ಮಾಡಿತು. 'ತ್ರೀ ಇನ್ ಒನ್' ಎಂಬ ಹೆಸರಿನ ಈ ಪೆಟ್ಟಿಗೆಯಲ್ಲಿ ಒಂದೇ ಕಾರನ್ನು ಮೂರು ಬಗೆಯಲ್ಲಿ ಕಟ್ಟಬಹುದಿತ್ತು: ಕಾರ್ಖಾನೆಯಿಂದ ಬಂದ ಹಾಗೆ, ತನಗಿಷ್ಟ ಬಂದಂತೆ ಮಾರ್ಪಡಿಸಿ, ಇಲ್ಲವೇ ರೇಸ್ ಕಾರಾಗಿ. ಡ್ರೈವಿಂಗ್ ಲೈಸೆನ್ಸ್‌ಗೆ ಇನ್ನೂ ವಯಸ್ಸಾಗದ ಹುಡುಗರು ಮುಗಿಬಿದ್ದು ಕೊಂಡರು. ರೆವೆಲ್, ಮೊನೊಗ್ರಾಂ, ಎಂಪಿಸಿ, ಜೋ-ಹ್ಯಾನ್ ಕಂಪನಿಗಳೂ ಈ ಪೈಪೋಟಿಯಲ್ಲಿದ್ದವು.

ಅಚ್ಚು ಕೆತ್ತಿದರೆ ಹಳೆಯದು ಹೋಯಿತು

ಮಾಡೆಲ್ ಕಿಟ್‌ನ ಜೀವ ಇರುವುದು ಉಕ್ಕಿನ ಅಚ್ಚಿನಲ್ಲಿ. ಕರಗಿದ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಒತ್ತಡದಲ್ಲಿ ಅಚ್ಚಿನೊಳಗೆ ನುಗ್ಗಿಸಿದರೆ ಭಾಗಗಳು ತಯಾರಾಗುತ್ತವೆ. ಒಂದು ಅಚ್ಚಿನಿಂದ ಸಾವಿರಾರು ಕಿಟ್ ತೆಗೆಯಬಹುದು. ಆದರೆ ಅಚ್ಚು ಮಾಡಿಸುವುದು ಬಹಳ ದುಬಾರಿ.

ಅಮೆರಿಕದ ಕಾರು ಕಂಪನಿಗಳು ಆಗ ಪ್ರತಿ ವರ್ಷವೂ ಕಾರಿನ ಮುಖ, ಬಾಲದ ದೀಪ, ಬಂಪರ್ ಬದಲಾಯಿಸುತ್ತಿದ್ದವು. ಕಿಟ್ ಕಂಪನಿಗಳೂ ಹಿಂದೆಯೇ ಓಡಬೇಕಿತ್ತು. ಪ್ರತಿ ವರ್ಷ ಹೊಸ ಅಚ್ಚು ಮಾಡಿಸುವ ಬದಲು ಹಳೆಯ ಅಚ್ಚನ್ನೇ ಕೊರೆದು, ತುಂಬಿ, ಮುಂದಿನ ವರ್ಷದ ಕಾರಿಗೆ ತಕ್ಕಂತೆ ತಿದ್ದುವುದು ರೂಢಿಯಾಯಿತು. ಒಮ್ಮೆ ತಿದ್ದಿದ ಮೇಲೆ ಹಿಂದಿನ ವರ್ಷದ ಕಾರನ್ನು ಆ ಅಚ್ಚಿನಿಂದ ಮತ್ತೆ ತೆಗೆಯಲು ಬರುವುದಿಲ್ಲ. ಹೀಗೆ ನಿಜವಾದ ಕಾರು ಗುಜರಿಗೆ ಹೋಯಿತು, ಅದರ ಅಚ್ಚೂ ಹೋಯಿತು. ಹುಡುಗರು ಆಗ ಕಟ್ಟಿದ ಮಾದರಿಗಳಷ್ಟೇ ಉಳಿದವು.

ಆ ಹುಡುಗರೋ ಅಂಟು ಸುರಿದು, ಬ್ರಷ್‌ನಲ್ಲಿ ದಪ್ಪಗೆ ಬಣ್ಣ ಬಳಿದು ಕಟ್ಟಿದವರು. ಇಂಥ ಮಾದರಿಗಳಿಗೆ ಹವ್ಯಾಸಿಗಳು ತಮಾಷೆಗೆ 'ಗ್ಲೂ ಬಾಂಬ್' ಎನ್ನುತ್ತಾರೆ. ಇಂದು ಅವಕ್ಕೇ ಬೆಲೆ. ಬಣ್ಣ ಕರಗಿಸಿ ತೆಗೆದು, ಅಂಟಿದ ಭಾಗಗಳನ್ನು ಮೆಲ್ಲಗೆ ಬಿಡಿಸಿ, ಮುರಿದ ಕಂಬಕ್ಕೆ ಪ್ಲಾಸ್ಟಿಕ್ ತುಂಡು ಸೇರಿಸಿ ಮತ್ತೆ ಕಟ್ಟುವುದೇ ಈ ಹವ್ಯಾಸದ ಒಂದು ದೊಡ್ಡ ಭಾಗವಾಗಿದೆ. ಎಎಂಟಿ, ಎಂಪಿಸಿ ಹೆಸರುಗಳನ್ನು ಈಗ ಹೊಂದಿರುವ ಇಂಡಿಯಾನಾ ರಾಜ್ಯದ ರೌಂಡ್ 2 ಕಂಪನಿ ಅಚ್ಚು ಕಳೆದುಹೋದ ಕೆಲವು ಹಳೆಯ ಕಿಟ್‌ಗಳಿಗೆ ಹೊಸ ಅಚ್ಚು ಮಾಡಿಸಿ ಮತ್ತೆ ಮಾರುಕಟ್ಟೆಗೆ ತಂದಿದೆ. ಸಿಗದ ಬಿಡಿಭಾಗಗಳನ್ನು ಹವ್ಯಾಸಿಗಳು ರೆಸಿನ್‌ನಲ್ಲಿ ಎರಕ ಹೊಯ್ದುಕೊಳ್ಳುತ್ತಾರೆ, 3ಡಿ ಪ್ರಿಂಟರ್‌ನಲ್ಲೂ ತೆಗೆಯುತ್ತಾರೆ.

ಮೂಗುದ್ದದ ಟ್ರಕ್, ಚಪ್ಪಟೆ ಮುಖದ ಟ್ರಕ್

1970ರ ಸುಮಾರಿಗೆ ಎಎಂಟಿ ದೊಡ್ಡ ಟ್ರಕ್‌ಗಳ ಕಿಟ್‌ಗೆ ಕೈಹಾಕಿತು. ಪೀಟರ್‌ಬಿಲ್ಟ್ 359, ಕೆನ್‌ವರ್ತ್ ಡಬ್ಲ್ಯು-925 ಟ್ರಕ್‌ಗಳು ಮನೆಯ ಮೇಜಿಗೆ ಬಂದವು. ಅದು ಅಮೆರಿಕದಲ್ಲಿ ಟ್ರಕ್ ಚಾಲಕರು ಸಿನಿಮಾ, ಟಿವಿಯ ನಾಯಕರಾಗಿದ್ದ ಕಾಲ. 1974ರಿಂದ 1976ರವರೆಗೆ ಪ್ರಸಾರವಾದ 'ಮೂವಿನ್ ಆನ್' ಧಾರಾವಾಹಿಯ ಕೆನ್‌ವರ್ತ್ ಟ್ರಕ್ಕಿನ ಕಿಟ್ ಕೂಡ ಬಂತು.

ಆ ಕಿಟ್‌ಗಳಲ್ಲಿ ಇತಿಹಾಸದ ಇನ್ನೊಂದು ತುಂಡು ಉಳಿದಿದೆ. ಅಮೆರಿಕದಲ್ಲಿ ಆಗ ಟ್ರಕ್-ಟ್ರೇಲರ್ ಜೋಡಿಯ ಒಟ್ಟು ಉದ್ದಕ್ಕೆ ಮಿತಿ ಇತ್ತು. ಎಂಜಿನ್ ಮೇಲೆಯೇ ಕ್ಯಾಬಿನ್ ಕೂರಿಸಿದರೆ ಉದ್ದ ಉಳಿಯುತ್ತಿತ್ತು, ಸರಕಿಗೆ ಜಾಗ ಸಿಗುತ್ತಿತ್ತು. ಹಾಗಾಗಿ ಚಪ್ಪಟೆ ಮುಖದ ಟ್ರಕ್‌ಗಳು ಹೆದ್ದಾರಿ ತುಂಬ ಇದ್ದವು. 1982ರ ಕಾನೂನು ಮುಖ್ಯ ಹೆದ್ದಾರಿಗಳಲ್ಲಿ ಈ ಮಿತಿ ತೆಗೆದು, ಟ್ರೇಲರ್‌ನ ಉದ್ದವನ್ನಷ್ಟೇ ಲೆಕ್ಕಕ್ಕೆ ಹಿಡಿಯಿತು. ಚಾಲಕರು ಮೂಗುದ್ದದ ಟ್ರಕ್‌ಗಳತ್ತ ವಾಲಿದರು. ಚಪ್ಪಟೆ ಮುಖದವು ನಿಧಾನವಾಗಿ ಮರೆಯಾದವು.

ನಮ್ಮಲ್ಲಿ ಆದದ್ದು ತಿರುಗುಮುರುಗು. ಘಾಟಿ ರಸ್ತೆಗಳಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿದ್ದ ಮೂಗುದ್ದದ ಟಾಟಾ ಲಾರಿಗಳು ಕಡಿಮೆಯಾಗಿ ಚಪ್ಪಟೆ ಮುಖದವು ತುಂಬಿಕೊಂಡವು.

ಕಟ್ಟುವುದು ಹೇಗೆ?

ಕಿಟ್ ಕೈಗೆ ಬಂದ ಕೂಡಲೇ ಅಂಟು ತೆಗೆಯುವವರೇ ಹೆಚ್ಚು. ಅನುಭವಿಗಳು ಮೊದಲು ಭಾಗಗಳನ್ನು ಸೋಪು ನೀರಿನಲ್ಲಿ ತೊಳೆಯುತ್ತಾರೆ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕೈಯಿಂದ ತಿರುಚಿ ಕೀಳಬಾರದು, ಚಿಕ್ಕ ಕಟ್ಟರ್‌ನಿಂದ ಬೇರ್ಪಡಿಸಿ ಅಂಚನ್ನು ನಯವಾದ ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಬೇಕು. ಅಂಟು ಹಾಕುವ ಮೊದಲು ಒಣದಾಗಿಯೇ ಜೋಡಿಸಿ ನೋಡಬೇಕು.

ಇಲ್ಲಿ ಬಳಸುವ ಅಂಟು ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಬೆಸುಗೆ ಹಾಕಿದಂತೆ ಒಂದಾಗಿಸುತ್ತದೆ. ಆದ್ದರಿಂದ ಒಂದು ಹನಿ ಹೆಚ್ಚಾದರೂ ಭಾಗ ಹಾಳು. ಬೆರಳಿಗೆ ತಾಗಿದ ಅಂಟು ಕಿಟಕಿ ಗಾಜಿನ ಮೇಲೆ ಬಿದ್ದರೆ ಆ ಗುರುತು ಸುಲಭಕ್ಕೆ ಹೋಗುವುದಿಲ್ಲ.

ಬಣ್ಣದಲ್ಲೂ ಅದೇ ಲೆಕ್ಕಾಚಾರ. ಮಾದರಿಯ ಮೇಲೆ ಬಣ್ಣದ ಪದರ 0.1 ಮಿ.ಮೀ. ದಪ್ಪವಾದರೂ ನಿಜವಾದ ಕಾರಿನ ಲೆಕ್ಕದಲ್ಲಿ ಅದು 2.5 ಮಿ.ಮೀ. ಬಾಗಿಲಿನ ಸಂದು, ಕಂಪನಿಯ ಹೆಸರು ಎಲ್ಲವೂ ಮುಚ್ಚಿಹೋಗುತ್ತವೆ. ಮೊದಲು ಪ್ರೈಮರ್, ಆಮೇಲೆ ತೆಳುವಾದ ಹಲವು ಪದರ, ನಡುವೆ ಸಾಕಷ್ಟು ಒಣಗುವ ಸಮಯ. ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ಅಂಟಿರುವ ತೆಳು ಲೋಹದ ಹಾಳೆ ಹಚ್ಚಿ, ಚೂಪಾದ ಬ್ಲೇಡಿನಿಂದ ಕತ್ತರಿಸಿ ತೆಗೆಯುತ್ತಾರೆ.

ಎಂಜಿನ್‌ಗೆ ವೈರ್ ಹಾಕುವುದು ಮುಂದಿನ ಹಂತ. ಷೆವ್ರೊಲೆಯ ಚಿಕ್ಕ ವಿ-8 ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಕಿಡಿ ಹೊತ್ತುವ ಕ್ರಮ 1-8-4-3-6-5-7-2. ಎಂದೂ ಓಡದ ಎಂಜಿನ್‌ಗೂ ಇದೇ ಕ್ರಮದಲ್ಲಿ, ಕೂದಲಿಗಿಂತ ಸ್ವಲ್ಪ ದಪ್ಪದ ಎಂಟು ವೈರ್ ಸೇರಿಸುವವರಿದ್ದಾರೆ. ಟ್ರಕ್ ಕಟ್ಟುವವರಿಗೆ ಸವಾಲು ಬೇರೆ. ಉದ್ದನೆಯ ಚಾಸಿ ಕೂದಲೆಳೆಯಷ್ಟು ತಿರುಚಿದರೂ ಹತ್ತು ಚಕ್ರಗಳಲ್ಲಿ ಒಂದೆರಡು ನೆಲ ಮುಟ್ಟುವುದಿಲ್ಲ. ಅದಕ್ಕೇ ಚಾಸಿಯನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಅಂಟಿಸಿ ಒಣಗಲು ಬಿಡುತ್ತಾರೆ.

ಇಲ್ಲಿ ಶುರು ಮಾಡುವವರಿಗೆ

ಈ ಕಾರುಗಳು ಭಾರತಕ್ಕೆ ಪೂರ್ತಿ ಹೊರಗಿನವಲ್ಲ. ಜನರಲ್ ಮೋಟರ್ಸ್ 1928ರಲ್ಲೇ ಮುಂಬೈನ ಸೆವ್ರಿಯಲ್ಲಿ ಷೆವ್ರೊಲೆ ವಾಹನಗಳನ್ನು ಜೋಡಿಸುತ್ತಿತ್ತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಕುರ್ಲಾದ ಪ್ರೀಮಿಯರ್ ಕಾರ್ಖಾನೆ ಕ್ರೈಸ್ಲರ್ ಜೊತೆಗಿನ ಒಪ್ಪಂದದಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳನ್ನೂ ಫಾರ್ಗೋ ಲಾರಿಗಳನ್ನೂ ಹೊರತರತೊಡಗಿತು. ಮುಂಬೈ, ಪುಣೆ ಕಡೆ ದುಡಿಯಲು ಹೋದ ಹಳೆಯ ತಲೆಮಾರಿನ ಕನ್ನಡಿಗರಿಗೆ ಈ ಹೆಸರುಗಳು ಹೊಸತಲ್ಲ.

ಕಿಟ್‌ಗಳು ದೊಡ್ಡ ನಗರಗಳ ಹಾಬಿ ಅಂಗಡಿಗಳಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತವೆ. ಆಮದು ಸರಕಾದ್ದರಿಂದ ಅಗ್ಗವಲ್ಲ. ಬಣ್ಣ ಮತ್ತು ಅಂಟು ಬೇಗ ಹೊತ್ತಿಕೊಳ್ಳುವ ವಸ್ತುಗಳು, ವಿಮಾನದಲ್ಲಿ ತರಿಸಲು ನಿರ್ಬಂಧವಿದೆ. ಇಲ್ಲಿಯೇ ಕೊಳ್ಳುವುದು ಒಳಿತು. ಮೊದಲ ಕಿಟ್ ಆಗಿ ಕಡಿಮೆ ಭಾಗಗಳಿರುವ ಕಾರು ಸಾಕು, ಟ್ರಕ್ ಆಮೇಲೆ. ಮುಂಬೈ, ಚೆನ್ನೈನಂಥ ಊರಿನಲ್ಲಿ ಮಳೆ ಸುರಿಯುವಾಗ ಸ್ಪ್ರೇ ಬಣ್ಣ ಹೊಡೆದರೆ ಗಾಳಿಯ ತೇವಕ್ಕೆ ಮೇಲ್ಮೈ ಮಂಜು ಕವಿದಂತಾಗುತ್ತದೆ, ಒಣ ದಿನ ನೋಡಿಕೊಂಡು ಹೊಡೆಯಬೇಕು. ಕಿಟಕಿ ತೆರೆದಿರಲಿ, ಮುಖಕ್ಕೆ ಮಾಸ್ಕ್ ಇರಲಿ, ಬ್ಲೇಡು ಮಕ್ಕಳ ಕೈಗೆ ಸಿಗದಿರಲಿ.

ದುಬಾರಿ ಕಿಟ್ ಬೇಡವೆಂದರೆ ಇನ್ನೊಂದು ದಾರಿಯಿದೆ. ಕರ್ನಾಟಕ, ಕೇರಳ, ತಮಿಳುನಾಡಿನಲ್ಲಿ ಫೋಮ್ ಶೀಟ್ ಕತ್ತರಿಸಿ ಸಾರಿಗೆ ಬಸ್, ಲಾರಿಗಳ ಮಾದರಿಗಳನ್ನು ತಾವೇ ಕಟ್ಟುವ ಯುವಕರಿದ್ದಾರೆ. ಅವರಿಗೆ ಕಂಪನಿಯ ನಕ್ಷೆ ಇಲ್ಲ, ಅಚ್ಚೂ ಇಲ್ಲ. ಡಿಪೋ, ಬಸ್ ನಿಲ್ದಾಣಗಳಲ್ಲಿ ನಿಂತು ಕಣ್ಣಳತೆಯಲ್ಲಿ, ಫೋಟೊದಲ್ಲಿ ಹಿಡಿದದ್ದೇ ಆಧಾರ.

ಅಮೆರಿಕದ ಅನುಭವ ನಮಗೆ ಉಪಯೋಗಕ್ಕೆ ಬರುವುದು ಇಲ್ಲಿಯೇ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ಗುಜರಿ ನೀತಿ ಜಾರಿಗೆ ತಂದಿದೆ. ಹೊಗೆ ಉಗುಳುವ ಹಳೆಯ ವಾಹನಗಳು ರಸ್ತೆಯಿಂದ ಹೋಗಬೇಕಾದದ್ದೇ. ಆದರೆ ಅವು ಹೋಗುವ ಮುನ್ನ ಅಳತೆ ತೆಗೆದಿಟ್ಟುಕೊಳ್ಳಲು ಯಾರ ಅಪ್ಪಣೆಯೂ ಬೇಕಿಲ್ಲ. ಊರಿನ ಮನೆಯ ಹಿತ್ತಲಲ್ಲಿ ಅಪ್ಪನೋ ಮಾವನೋ ಓಡಿಸುತ್ತಿದ್ದ ಹಳೆಯ ಲಾರಿ, ಮೆಟಡೋರ್ ಇನ್ನೂ ನಿಂತಿದ್ದರೆ ಮುಂದಿನ ರಜೆಗೆ ಹೋದಾಗ ಒಂದು ಟೇಪು ಹಿಡಿದು ಉದ್ದ, ಅಗಲ, ಎತ್ತರ, ಚಕ್ರಗಳ ನಡುವಿನ ಅಂತರ ಬರೆದುಕೊಳ್ಳಬಹುದು. ನಾಲ್ಕೂ ಬದಿಯಿಂದ ನೇರವಾಗಿ ನಿಂತು ಫೋಟೊ ತೆಗೆಯಬಹುದು. ಬಾಗಿಲ ಮೇಲಿನ ಹೆಸರು, ಹಿಂಬದಿಯ ಚಿತ್ರ, ಬಣ್ಣ ಗುರುತು ಹಾಕಿಕೊಳ್ಳಬಹುದು. ಅರ್ಧ ಗಂಟೆಯ ಕೆಲಸ. ಮಾದರಿಯನ್ನು ಈ ವರ್ಷ ಕಟ್ಟದಿದ್ದರೂ ಪರವಾಗಿಲ್ಲ. ಲಾರಿ ಗುಜರಿಗೆ ಹೋದ ಮೇಲೆ ಅಳತೆ ಮಾತ್ರ ಮತ್ತೆ ಸಿಗುವುದಿಲ್ಲ.